ಅನುಪಾತವನ್ನು ಕೈಲೆಕ್ಕದಲ್ಲೇ ಬಿಡಿಸುವುದು ಹೇಗೆ? ಹೊಲ, ಬೇಳೆ ಮಿಲ್ಲು, ಬಿದರಿ ಎರಕದ ಲೆಕ್ಕಗಳ ಜೊತೆ

ಪಹಣಿಯಲ್ಲಿ ಅಣ್ಣನ ಹೊಲ 1.35 ಅಂತ ಇದೆ, ತಮ್ಮನದು 1.05. ಇಬ್ಬರೂ ಒಟ್ಟಿಗೆ ತೊಗರಿ ಬಿತ್ತಿದರು. ರಾಶಿ ಮಾಡಿ, ಅಡತಿಗೆ ಹಾಕಿ, ಖರ್ಚೆಲ್ಲ ಕಳೆದ ಮೇಲೆ 40,000 ರೂಪಾಯಿ ಉಳಿಯಿತು. ಹೊಲ ಇದ್ದ ಹಾಗೆ ಪಾಲು ಅಂತ ಮೊದಲೇ ಮಾತಾಗಿತ್ತು. ಈಗ ಯಾರಿಗೆ ಎಷ್ಟು?

ಸುಮ್ನೆ 135:105 ಅಂತ ಬರೆದುಕೊಂಡು ಚಿಕ್ಕದು ಮಾಡಿದರೆ 9:7 ಬರುತ್ತದೆ. ಅಣ್ಣನಿಗೆ 22,500, ತಮ್ಮನಿಗೆ 17,500. ನೋಡಲು ಲೆಕ್ಕ ನೀಟಾಗಿದೆ, ಆದರೆ ತಪ್ಪು. ಅಣ್ಣನಿಗೆ ಬರಬೇಕಾದದ್ದು 25,000. ಪಹಣಿಯ ಆ ಚುಕ್ಕೆಯನ್ನು ದಶಾಂಶದ ಚುಕ್ಕೆ ಅಂದುಕೊಂಡದ್ದಕ್ಕೆ ಎರಡೂವರೆ ಸಾವಿರ ರೂಪಾಯಿ ಆಚೀಚೆ ಆಯಿತು.

ಅನುಪಾತದ ಪಾಠ ಆರನೇ ತರಗತಿಯಲ್ಲೇ ಬರುತ್ತದೆ. ಆದರೆ ಅಲ್ಲಿ ಕಲಿತದ್ದು ಹೊಲದ ಲೆಕ್ಕಕ್ಕೆ, ಮನೆ ಕಟ್ಟುವ ಲೆಕ್ಕಕ್ಕೆ ಬರುವಾಗ ಎಲ್ಲೋ ಜಾರಿಹೋಗುತ್ತದೆ. ಭಾಗಾಕಾರ ಮಾಡಲು ಬಾರದೆ ತಪ್ಪುವವರು ಕಡಿಮೆ. ಭಾಗಿಸುವ ಮೊದಲು ಅಳತೆ ಒಂದು ಮಾಡುವುದು, ಭಾಗಿಸಿದ ಮೇಲೆ ಆ ಪಾಲುಗಳನ್ನು ಸರಿಯಾಗಿ ಬಳಸುವುದು, ತಪ್ಪಾಗುವುದು ಈ ಎರಡು ಕಡೆ. ಅದಕ್ಕೇ ಇಲ್ಲಿ ಆ ಎರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಒಂದು ಕಾಗದ, ಒಂದು ಪೆನ್ನು ಇಟ್ಟುಕೊಂಡು ಓದಿ. ಪ್ರತಿ ಲೆಕ್ಕವನ್ನೂ ನೀವೇ ಬರೆದು ನೋಡಿದರೆ ಕೈಗೆ ಹತ್ತುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. 5:3 ಅಂದರೆ ಒಂದು ಕಡೆ 5 ಪಾಲು, ಇನ್ನೊಂದು ಕಡೆ 3 ಪಾಲು. ಒಂದು ಪಾಲು ಎಷ್ಟು ದೊಡ್ಡದು ಅಂತ ಅನುಪಾತ ಹೇಳುವುದಿಲ್ಲ. ಎರಡೂ ಕಡೆಯ ಪಾಲುಗಳ ಗಾತ್ರ ಒಂದೇ ಅಂತ ಮಾತ್ರ ಹೇಳುತ್ತದೆ. ಮತ್ತೆ, ಯಾವುದು ಮೊದಲು ಅನ್ನುವುದು ಮುಖ್ಯ. ಅಣ್ಣ:ತಮ್ಮ 5:3 ಆದರೆ ತಮ್ಮ:ಅಣ್ಣ 3:5. ಹಾಗಾಗಿ ಸಂಖ್ಯೆ ಬರೆಯುವ ಮೊದಲು ಮೇಲೆ ಹೆಸರು ಬರೆಯಿರಿ. ಪರೀಕ್ಷೆಯಲ್ಲಿ ಅಂಕ ಹೋಗುವುದು ಎಷ್ಟೋ ಸಲ ಇಷ್ಟಕ್ಕೇ.

ಹೆಜ್ಜೆ 1: ಅಳತೆ ಒಂದೇ ಮಾಡಿ

ಒಂದು ಎಕರೆಗೆ 40 ಗುಂಟೆ. ಪಹಣಿಯ 1.35 ಅಂದರೆ 1 ಎಕರೆ 35 ಗುಂಟೆ. ಅದನ್ನು ಗುಂಟೆಗೆ ತಂದರೆ 40 + 35 = 75. ತಮ್ಮನ 1.05 ಅಂದರೆ 40 + 5 = 45 ಗುಂಟೆ. ಈಗ ಅನುಪಾತ 75:45. ಇಲ್ಲಿಗೆ ಲೆಕ್ಕದ ಅರ್ಧ ಕೆಲಸ ಮುಗಿಯಿತು.

ನಿಯಮ ಇಷ್ಟೇ: ಎರಡೂ ಕಡೆ ಒಂದೇ ಮಾನ ಇರಬೇಕು, ಮತ್ತು ಇರುವುದರಲ್ಲಿ ಚಿಕ್ಕ ಮಾನಕ್ಕೆ ತರುವುದು ಸುಲಭ. ಎಕರೆಯನ್ನು ಗುಂಟೆಗೆ, ಕ್ವಿಂಟಲನ್ನು ಕಿಲೋಗೆ, ಕಿಲೋವನ್ನು ಗ್ರಾಂಗೆ, ಅಡಿಯನ್ನು ಇಂಚಿಗೆ, ಗಂಟೆಯನ್ನು ನಿಮಿಷಕ್ಕೆ ತನ್ನಿ. ಚಿಕ್ಕ ಮಾನಕ್ಕೆ ಬಂದರೆ ಸಾಮಾನ್ಯವಾಗಿ ದಶಾಂಶವೂ ಇರುವುದಿಲ್ಲ, ಭಿನ್ನರಾಶಿಯೂ ಇರುವುದಿಲ್ಲ.

ಗಂಟೆಯ ಲೆಕ್ಕದಲ್ಲೂ ಪಹಣಿಯದೇ ತೊಂದರೆ ಇದೆ. ಬಸ್ಸಿಗೆ 1.30 ಗಂಟೆ, ಕಾರಿಗೆ 45 ನಿಮಿಷ ಅಂತ ಬರೆದಿದ್ದರೆ 130:45 ಅಂತ ಹಿಡಿಯಬಾರದು. 90 ನಿಮಿಷಕ್ಕೆ 45 ನಿಮಿಷ, ಅಂದರೆ 2:1.

ಎರಡೂ ಕಡೆ ಮಾನ ಒಂದಾದ ಮೇಲೆ ಅದನ್ನು ಬರೆಯುವ ಅಗತ್ಯವೇ ಇಲ್ಲ. ನಕ್ಷೆಯ ಮೇಲೆ 1:50,000 ಅಂತ ಇರುತ್ತದೆ, ನೋಡಿದ್ದೀರಲ್ವಾ? ಅಲ್ಲಿ ಸೆಂಟಿಮೀಟರ್ ಅಂತಲೂ ಇಲ್ಲ, ಇಂಚು ಅಂತಲೂ ಇಲ್ಲ. ನಕ್ಷೆಯ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 50,000 ಸೆಂಟಿಮೀಟರ್, ಅಂದರೆ 500 ಮೀಟರ್. ಎರಡು ಊರುಗಳ ನಡುವೆ ನಕ್ಷೆಯಲ್ಲಿ 7 ಸೆಂಟಿಮೀಟರ್ ಇದ್ದರೆ ನೆಲದ ಮೇಲೆ 3.5 ಕಿಲೋಮೀಟರ್. ಇಂಚುಪಟ್ಟಿ ಹಿಡಿದು ಅಳೆದರೂ ಅದೇ 50,000 ಪಟ್ಟು.

ಹೆಜ್ಜೆ 2: ಎರಡಕ್ಕೂ ಹೋಗುವ ಸಂಖ್ಯೆಯಿಂದ ಭಾಗಿಸಿ

75:45. ಎರಡೂ 5ರಲ್ಲಿ ಮುಗಿಯುತ್ತವೆ, ಹಾಗಾಗಿ 5ರಿಂದ ಭಾಗಿಸಿ. 15:9 ಬರುತ್ತದೆ. ಎರಡೂ 3ರಿಂದ ಹೋಗುತ್ತವೆ. 5:3. ಇನ್ನು 5ಕ್ಕೂ 3ಕ್ಕೂ ಒಟ್ಟಿಗೆ ಹೋಗುವ ಸಂಖ್ಯೆ 1 ಬಿಟ್ಟರೆ ಬೇರೆ ಇಲ್ಲ. ಅದೇ ಸರಳ ರೂಪ.

75ರ ಮತ್ತು 45ರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡಕ್ಕೂ ಹೋಗುವ ಅತಿ ದೊಡ್ಡ ಸಂಖ್ಯೆ) 15 ಅಂತ ಮೊದಲೇ ಹೊಳೆದರೆ ಒಂದೇ ಏಟಿಗೆ ಮುಗಿಯುತ್ತದೆ. ಹೊಳೆಯದಿದ್ದರೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಇಳಿಯಿರಿ. ಉತ್ತರ ಒಂದೇ. ಮಕ್ಕಳಿಗೆ ಕಲಿಸುವಾಗ ಮ.ಸಾ.ಅ. ಒಂದೇ ಸಲಕ್ಕೆ ಹುಡುಕು ಅಂತ ಒತ್ತಾಯ ಮಾಡಬೇಡಿ. ಎರಡರಿಂದ, ಮೂರರಿಂದ, ಐದರಿಂದ ಒಂದೊಂದಾಗಿ ತೆಗೆಯುವ ಮಗು ಸಂಖ್ಯೆಗಳ ಒಳಗೆ ಏನಿದೆ ಅಂತ ನೋಡುತ್ತಾ ಹೋಗುತ್ತದೆ. ನನಗೆ ಅದೇ ಒಳ್ಳೆಯ ಕಲಿಕೆ ಅನ್ನಿಸುತ್ತದೆ.

ಭಾಜ್ಯತೆಯ ನಿಯಮಗಳು ನಿಮಗೆ ಗೊತ್ತಿರುತ್ತವೆ. ಕೊನೆಯ ಅಂಕಿ ಸಮ ಇದ್ದರೆ 2ರಿಂದ ಹೋಗುತ್ತದೆ. ಕೊನೆಯಲ್ಲಿ 0 ಅಥವಾ 5 ಇದ್ದರೆ 5ರಿಂದ. ಅಂಕಿಗಳ ಮೊತ್ತ 3ರಿಂದ ಹೋದರೆ ಸಂಖ್ಯೆಯೂ 3ರಿಂದ, 9ರಿಂದ ಹೋದರೆ 9ರಿಂದ. ಕೊನೆಯ ಎರಡು ಅಂಕಿ 4ರಿಂದ ಹೋದರೆ ಇಡೀ ಸಂಖ್ಯೆ 4ರಿಂದ ಹೋಗುತ್ತದೆ. ಹತ್ತರಲ್ಲಿ ಎಂಟು ಲೆಕ್ಕ ಇಷ್ಟರಲ್ಲೇ ಮುಗಿಯುತ್ತವೆ.

ಹೆಜ್ಜೆ 3: ಸಿಗದಿದ್ದರೆ ವ್ಯತ್ಯಾಸ ನೋಡಿ

ಉಳಿದ ಎರಡು ಲೆಕ್ಕಗಳಿಗೆ ಈ ಹೆಜ್ಜೆ. ಒಂದು ಶಾಲೆಯಲ್ಲಿ 391 ಹುಡುಗಿಯರು, 299 ಹುಡುಗರು ಇದ್ದಾರೆ ಅನ್ನಿ. 391:299 ಅನ್ನು ಚಿಕ್ಕದು ಮಾಡಿ ನೋಡಿ. 2ರಿಂದ ಹೋಗುವುದಿಲ್ಲ. 3ರಿಂದ ಇಲ್ಲ, 5ರಿಂದ ಇಲ್ಲ, 7ರಿಂದಲೂ ಇಲ್ಲ. ಇಲ್ಲಿಗೆ ಬಂದು ತುಂಬಾ ಜನ "ಇದು ಮೊದಲೇ ಸರಳ ರೂಪದಲ್ಲಿದೆ" ಅಂತ ಬರೆದು ಮುಗಿಸುತ್ತಾರೆ.

ಮುಗಿಸುವ ಮೊದಲು ಒಂದರಿಂದ ಇನ್ನೊಂದನ್ನು ಕಳೆಯಿರಿ. 391 − 299 = 92. ಎರಡೂ ಸಂಖ್ಯೆಗೆ ಒಟ್ಟಿಗೆ ಹೋಗುವ ಯಾವ ಸಂಖ್ಯೆಯೇ ಇರಲಿ, ಅದು ಈ 92ಕ್ಕೂ ಹೋಗಲೇಬೇಕು. ಯಾಕೆ ಅಂದರೆ, 391ರಲ್ಲಿ ಆ ಸಂಖ್ಯೆಯ ಇಷ್ಟು ಗುಂಪು, 299ರಲ್ಲಿ ಅಷ್ಟು ಗುಂಪು ಇರುತ್ತವೆ. ಇಡೀ ಗುಂಪುಗಳಲ್ಲಿ ಇಡೀ ಗುಂಪುಗಳನ್ನು ಕಳೆದರೆ ಉಳಿಯುವುದೂ ಇಡೀ ಗುಂಪುಗಳೇ.

ಅಂದರೆ ಇನ್ನು 391ರ ಅಪವರ್ತನ ಹುಡುಕುತ್ತಾ ಅಲೆಯಬೇಕಿಲ್ಲ. 92ರ ಅಪವರ್ತನಗಳನ್ನು ನೋಡಿದರೆ ಸಾಕು. 92 = 4 × 23. ಎರಡೂ ಬೆಸಸಂಖ್ಯೆ ಆದ್ದರಿಂದ 2, 4 ಬಿಟ್ಟುಬಿಡಿ. ಉಳಿದದ್ದು 23 ಒಂದೇ. 23 × 17 = 391. 23 × 13 = 299. ಉತ್ತರ 17:13.

ಈ ಒಂದು ಉಪಾಯ ಎಷ್ಟು ಕಡೆ ಕೆಲಸಕ್ಕೆ ಬರುತ್ತದೆ ಅಂತ ನಮ್ಮ ಊರುಗಳ ಲೆಕ್ಕದಲ್ಲೇ ನೋಡಿ. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ, 1367ರಲ್ಲಿ ಕಟ್ಟಿದ್ದು. ಅದರ ಅಳತೆ 216 ಅಡಿ ಮತ್ತು 176 ಅಡಿ ಅಂತ ದಾಖಲಾಗಿದೆ. 216:176ರ ವ್ಯತ್ಯಾಸ 40. ನಲವತ್ತರ ಅಪವರ್ತನಗಳಲ್ಲಿ ದೊಡ್ಡದರಿಂದ ಇಳಿಯುತ್ತಾ ಬನ್ನಿ. 40, 20, 10 ಹೋಗುವುದಿಲ್ಲ. 8 ಎರಡಕ್ಕೂ ಹೋಗುತ್ತದೆ. 27:22. ಕಲ್ಯಾಣ ಕರ್ನಾಟಕ ಉತ್ಸವದ ದಿನ, ಸೆಪ್ಟೆಂಬರ್ 17ರಂದು, ನಮ್ಮ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹಾರಿಸುವ ರಾಷ್ಟ್ರಧ್ವಜದ ಒಂದು ಅಳತೆ 1,350 ಮತ್ತು 900 ಮಿಲಿಮೀಟರ್. ವ್ಯತ್ಯಾಸ 450, ಮತ್ತು ಆ 450 ನೇರವಾಗಿ ಎರಡಕ್ಕೂ ಹೋಗುತ್ತದೆ. 3:2. ಧ್ವಜ ಸಂಹಿತೆಯ ಬೇರೆ ಯಾವ ಅಳತೆ ತೆಗೆದುಕೊಂಡರೂ ಇದೇ 3:2 ಬರಬೇಕು. ಮಕ್ಕಳಿಗೆ ಶಾಲೆಯ ಧ್ವಜವನ್ನೇ ಅಳೆದು ಲೆಕ್ಕ ಮಾಡಿಸಬಹುದು.

ಇನ್ನು 2011ರ ಜನಗಣತಿ. ಒಂದು ಸಾವಿರ ಗಂಡಸರಿಗೆ ಬೀದರ್ ಜಿಲ್ಲೆಯಲ್ಲಿ 956 ಹೆಂಗಸರು, ಕಲಬುರಗಿಯಲ್ಲಿ 971, ಯಾದಗಿರಿಯಲ್ಲಿ 989. ಬೀದರ್‌ನ 956:1000ರಲ್ಲಿ ವ್ಯತ್ಯಾಸ 44. ಅದರಲ್ಲಿ 4 ಎರಡಕ್ಕೂ ಹೋಗುತ್ತದೆ, 11 ಹೋಗುವುದಿಲ್ಲ. 239:250. ಕಲಬುರಗಿಯ 971:1000ರಲ್ಲಿ ವ್ಯತ್ಯಾಸ 29. ಅದು ಅವಿಭಾಜ್ಯ ಸಂಖ್ಯೆ, ಮತ್ತು 1000ಕ್ಕೆ ಹೋಗುವುದಿಲ್ಲ. ಹಾಗಾಗಿ 971:1000 ಅನ್ನು ಇನ್ನು ಚಿಕ್ಕದು ಮಾಡಲು ಬರುವುದಿಲ್ಲ ಅಂತ ಒಂದೇ ಸಾಲಿನಲ್ಲಿ ಗೊತ್ತಾಯಿತು. ಯಾದಗಿರಿಯಲ್ಲಿ ವ್ಯತ್ಯಾಸ 11. ಅದೂ 1000ಕ್ಕೆ ಹೋಗುವುದಿಲ್ಲ. 989:1000 ಇದ್ದಂತೆಯೇ ಸರಳ.

"ಇನ್ನು ಆಗುವುದಿಲ್ಲ" ಅಂತ ಧೈರ್ಯವಾಗಿ ಹೇಳಲು ಇದಕ್ಕಿಂತ ಚೆನ್ನಾದ ದಾರಿ ನನಗೆ ಗೊತ್ತಿಲ್ಲ.

ವ್ಯತ್ಯಾಸವೂ ದೊಡ್ಡದಾಗಿದ್ದರೆ

ಗೋದಾಮಿನಲ್ಲಿ 1,147 ಚೀಲ ತೊಗರಿ, 899 ಚೀಲ ಕಡಲೆ. ವ್ಯತ್ಯಾಸ 248. ಇದೂ ಸ್ವಲ್ಪ ದೊಡ್ಡದೇ. ಹೆದರಬೇಡಿ, ಕಳೆಯುವುದನ್ನೇ ಮುಂದುವರಿಸಿ. ಪ್ರತಿ ಸಲ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಉಳಿದ ಶೇಷವನ್ನು ಮಾತ್ರ ಇಟ್ಟುಕೊಳ್ಳಿ.

1147 = 899 × 1 + 248
899 = 248 × 3 + 155
248 = 155 × 1 + 93
155 = 93 × 1 + 62
93 = 62 × 1 + 31
62 = 31 × 2, ಶೇಷ 0

ಶೇಷ ಸೊನ್ನೆ ಬರುವ ಹೊತ್ತಿಗೆ ಯಾವುದರಿಂದ ಭಾಗಿಸುತ್ತಿದ್ದೀರೋ ಅದೇ ಮ.ಸಾ.ಅ. ಇಲ್ಲಿ 31. 1147 ÷ 31 = 37, 899 ÷ 31 = 29. ಉತ್ತರ 37:29. ಪರೀಕ್ಷೆ ಮಾಡಬೇಕಾ? 37 − 29 = 8. ಎಂಟಕ್ಕೆ ಇರುವುದು 2ರ ಅಪವರ್ತನ ಮಾತ್ರ, ಇವೆರಡೂ ಬೆಸ. ಮುಗಿಯಿತು.

ಸಂಖ್ಯೆ ಎಷ್ಟೇ ದೊಡ್ಡದಿರಲಿ, ಈ ಕ್ರಮ ಕೈಕೊಡುವುದಿಲ್ಲ. ಅಪವರ್ತನ ಹೊಳೆಯಲಿ ಅಂತ ಕಾಯಬೇಕಾಗಿಲ್ಲ, ಭಾಗಾಕಾರ ಬಂದರೆ ಸಾಕು.

ದೀಡ್, ಸವಾ, ಪಾವ್: ಭಿನ್ನರಾಶಿ ಇದ್ದಾಗ

ನಮ್ಮ ಕಡೆ ಕಿರಾಣಿ ಅಂಗಡಿಯಲ್ಲಿ ಒಂದೂವರೆ ಕಿಲೋಗೆ ದೀಡ್ ಕಿಲೋ, ಒಂದೂಕಾಲಿಗೆ ಸವಾ ಕಿಲೋ ಅನ್ನುತ್ತಾರೆ. ಹೋಳಿಗೆಗೆ ದೀಡ್ ಕಿಲೋ ಕಡಲೆಬೇಳೆ, ಸವಾ ಕಿಲೋ ಬೆಲ್ಲ ತಂದಿರಿ ಅನ್ನಿ. ಬೇಳೆಗೂ ಬೆಲ್ಲಕ್ಕೂ ಅನುಪಾತ 1½ : 1¼. ಇದನ್ನು 3/2 : 5/4 ಅಂತ ಬರೆಯಿರಿ. ಛೇದಗಳು 2 ಮತ್ತು 4, ಅವುಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 4. ಎರಡೂ ಕಡೆ 4ರಿಂದ ಗುಣಿಸಿದರೆ 6:5. ಬೇಕಾದರೆ ಕಿಲೋದ ಬದಲು ಪಾವ್ ಕಿಲೋದಲ್ಲಿ ಎಣಿಸಿ ನೋಡಿ. ದೀಡ್ ಕಿಲೋದಲ್ಲಿ ಆರು ಪಾವ್, ಸವಾ ಕಿಲೋದಲ್ಲಿ ಐದು ಪಾವ್. ಅದೇ 6:5. ಲ.ಸಾ.ಅ.ದಿಂದ ಗುಣಿಸುವುದು ಅಂದರೆ ಚಿಕ್ಕ ಮಾನಕ್ಕೆ ಇಳಿಯುವುದೇ. ಮೊದಲನೇ ಹೆಜ್ಜೆಯಲ್ಲಿ ಎಕರೆಗೆ ಮಾಡಿದ್ದನ್ನೇ ಇಲ್ಲಿ ಭಿನ್ನರಾಶಿಗೆ ಮಾಡಿದೆವು.

ಇನ್ನೊಂದು: 2/3 : 3/4. ಲ.ಸಾ.ಅ. 12. ಗುಣಿಸಿದರೆ 8:9. ಇಲ್ಲಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಹೊಡೆದುಹಾಕುವವರಿದ್ದಾರೆ. ಅದು ಆಗುವುದಿಲ್ಲ. ಒಂದೇ ಸಂಖ್ಯೆಯಿಂದ ಎರಡೂ ಕಡೆ ಗುಣಿಸಬೇಕು, ಇಲ್ಲವೇ ಭಾಗಿಸಬೇಕು. ಇಷ್ಟು ಬಿಟ್ಟು ಅನುಪಾತಕ್ಕೆ ಬೇರೇನೂ ಮಾಡುವಂತಿಲ್ಲ.

ಈ ಲ.ಸಾ.ಅ. ಪದ್ಧತಿಗೂ ನಮ್ಮ ನೆಲಕ್ಕೂ ಹಳೆಯ ನಂಟು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಭಿನ್ನರಾಶಿಗಳ ಛೇದ ಒಂದು ಮಾಡಲು ಲ.ಸಾ.ಅ. ಬಳಸುವ ಕ್ರಮವನ್ನು ಅವರು ಅದರಲ್ಲಿ ಹೇಳಿದ್ದಾರೆ, ಅದನ್ನು ನಿರುದ್ಧ ಅಂತ ಕರೆದಿದ್ದಾರೆ. ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಅನ್ನುವ ತ್ರೈರಾಶಿಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಶಾಲೆಯಿಂದ ಮಳಖೇಡದ ಕೋಟೆ ತೋರಿಸಲು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ರಾಜರ ಹೆಸರಿನ ಜೊತೆ ಈ ಗಣಿತಜ್ಞರ ಹೆಸರನ್ನೂ ಅವರಿಗೆ ಹೇಳಲೇಬೇಕು ಅನ್ನುವುದು ನನ್ನ ಆಸೆ.

ದಶಾಂಶ ಇದ್ದರೆ ಇನ್ನೂ ಸುಲಭ. 0.8 : 0.12 ಇದ್ದರೆ ಎರಡನ್ನೂ 100ರಿಂದ ಗುಣಿಸಿ. 80:12, ಅಂದರೆ 20:3. ಒಂದರಲ್ಲಿ ಒಂದು ಅಂಕಿ, ಇನ್ನೊಂದರಲ್ಲಿ ಎರಡು ಅಂಕಿ ಇದ್ದಾಗ ಜಾಸ್ತಿ ಇರುವ ಕಡೆ ನೋಡಿ ಗುಣಿಸಬೇಕು. ಸುಮ್ನೆ ಚುಕ್ಕೆ ಅಳಿಸಿ 8:12 ಅಂತ ಬರೆದರೆ ಲೆಕ್ಕ ಕೆಟ್ಟಿತು.

ಹೆಜ್ಜೆ 4: ಪಾಲು ಹಂಚುವಾಗ ಮೊದಲು ಕೂಡಿಸಿ

ಈಗ ಅಣ್ಣ-ತಮ್ಮಂದಿರ 5:3ಕ್ಕೆ ಬರೋಣ. 5 + 3 = 8 ಪಾಲು. 40,000 ÷ 8 = 5,000. ಒಂದು ಪಾಲಿಗೆ 5,000 ರೂಪಾಯಿ. ಅಣ್ಣನಿಗೆ 5 × 5,000 = 25,000. ತಮ್ಮನಿಗೆ 3 × 5,000 = 15,000. ಕೊನೆಗೆ ಎರಡನ್ನೂ ಕೂಡಿಸಿ 40,000 ಬರುತ್ತದಾ ಅಂತ ನೋಡಿ. ಈ ಕೂಡಿಸಿ ನೋಡುವುದನ್ನು ಬಿಡಬೇಡಿ.

ಇದೇ ಹೆಜ್ಜೆ ಎಲ್ಲಿ ಜಾಸ್ತಿ ತಪ್ಪುತ್ತದೆ ಅಂತ ತೋರಿಸಲು ಬೀದರ್‌ನ ಬಿದರಿ ಕಲೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬಿದರಿ ಪಾತ್ರೆಯ ಲೋಹ ಸತು ಮತ್ತು ತಾಮ್ರದ ಮಿಶ್ರಣ. ಸಾಮಾನ್ಯವಾಗಿ ಹೇಳುವ ಅನುಪಾತ 16:1, ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಕರಗಿಸಿ ಅಚ್ಚಿಗೆ ಹೊಯ್ದು, ನಯ ಮಾಡಿ, ಗೆರೆ ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿದ ದ್ರವ ಹಚ್ಚಿದಾಗ ಮಿಶ್ರಲೋಹ ಕಪ್ಪಗಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಈಗ ಲೆಕ್ಕ. 3 ಕಿಲೋ 400 ಗ್ರಾಂ ಮಿಶ್ರಲೋಹ ಬೇಕು. ತಾಮ್ರ ಎಷ್ಟು? "ಹದಿನಾರರಲ್ಲಿ ಒಂದು ಪಾಲು" ಅಂದುಕೊಂಡು 3,400ನ್ನು 16ರಿಂದ ಭಾಗಿಸುತ್ತಾರೆ. 212.5 ಗ್ರಾಂ ಬರುತ್ತದೆ. ಆದರೆ ಪಾಲು ಹದಿನಾರಲ್ಲ, 16 + 1 = 17. ಗ್ರಾಂಗೆ ತಂದು 3,400 ÷ 17 = 200. ತಾಮ್ರ 200 ಗ್ರಾಂ, ಸತು 16 × 200 = 3,200 ಗ್ರಾಂ. ಕೂಡಿಸಿದರೆ 3,400, ತಾಳೆಯಾಯಿತು. 212.5 ಹಿಡಿದವರು ಅದಕ್ಕೆ ಹದಿನಾರು ಪಟ್ಟು ಸತು ಹಾಕಿದರೆ ಒಟ್ಟು 3,612.5 ಆಗುತ್ತದೆ. ಕೂಡಿಸಿ ನೋಡಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು.

16:1 ಅಂದರೆ ಪಾಲಿಗೆ ಎದುರು ಪಾಲು. 1/17 ಅಂದರೆ ಒಟ್ಟಿನಲ್ಲಿ ಒಂದು ಪಾಲು. ಇವೆರಡನ್ನು ಬೇರೆ ಬೇರೆ ಇಟ್ಟುಕೊಂಡರೆ ಅನುಪಾತದ ಅರ್ಧ ಗೊಂದಲ ಹೋಗುತ್ತದೆ.

ಬೇಳೆ ಮಿಲ್ಲಿನಲ್ಲೂ ಇದು ಬರುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಅದರ ವ್ಯವಹಾರ ನಮ್ಮ ಮನೆಮಾತು. 100 ಕಿಲೋ ತೊಗರಿ ಹಾಕಿದಾಗ 72 ಕಿಲೋ ಬೇಳೆ ಬಂತು, ಉಳಿದ 28 ಕಿಲೋ ಹೊಟ್ಟು-ನುಚ್ಚು ಅನ್ನಿ. ತೊಗರಿಗೂ ಬೇಳೆಗೂ ಅನುಪಾತ 100:72, ಅಂದರೆ 25:18. ಬೇಳೆಗೂ ಹೊಟ್ಟು-ನುಚ್ಚಿಗೂ ಅನುಪಾತ 72:28, ಅಂದರೆ 18:7. ಎರಡರಲ್ಲೂ 18 ಇದೆ, ಎರಡೂ ಸರಿ, ಆದರೆ ಎರಡು ಬೇರೆ ಪ್ರಶ್ನೆಗಳ ಉತ್ತರ. ಪ್ರಶ್ನೆಯಲ್ಲಿ ಯಾವುದಕ್ಕೆ ಯಾವುದು ಅಂತ ಕೇಳಿದ್ದಾರೆ ಅನ್ನುವುದನ್ನು ಎರಡು ಸಲ ಓದಿ.

ಚಿಕ್ಕದು ಮಾಡಬಾರದ ಜಾಗಗಳು

ಸರಳ ರೂಪ ಯಾವಾಗಲೂ ಒಳ್ಳೆಯದು ಅಂತ ಪಾಠ ಓದಿದವರಿಗೆ ಅನ್ನಿಸುತ್ತದೆ. ಅದು ನಿಜವಲ್ಲ. ಜನಗಣತಿಯವರು ಬೀದರ್‌ಗೆ 239:250 ಅಂತ ಬರೆಯುವುದಿಲ್ಲ. 956, 971, 989, ಮೂರೂ ಸಾವಿರಕ್ಕೇ ಇದ್ದರೆ ಕಣ್ಣು ಹಾಯಿಸಿದರೆ ಸಾಕು, ಯಾವ ಜಿಲ್ಲೆಯಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅಂತ ಗೊತ್ತಾಗುತ್ತದೆ. ಹೋಲಿಸಬೇಕಾದಾಗ ಒಂದು ಕಡೆಯ ಸಂಖ್ಯೆಯನ್ನು ಒಂದೇ ಇಡಬೇಕು.

ಗೊಬ್ಬರದ ಚೀಲದ ಮೇಲಿನ ಸಂಖ್ಯೆಗಳೂ ಹಾಗೇ. 19:19:19 ಅನ್ನೂ 17:17:17 ಅನ್ನೂ ಚಿಕ್ಕದು ಮಾಡಿದರೆ ಎರಡೂ 1:1:1. ಆದರೆ ಎರಡೂ ಒಂದೇ ಗೊಬ್ಬರ ಅಲ್ಲ. ಅಲ್ಲಿರುವುದು ಶೇಕಡಾ ಲೆಕ್ಕ, ನೂರು ಕಿಲೋದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೆಷ್ಟು ಕಿಲೋ ಅಂತ. ಚಿಕ್ಕದು ಮಾಡಿದರೆ ಸಮತೋಲ ಗೊತ್ತಾಗುತ್ತದೆ, ಸತ್ವ ಎಷ್ಟಿದೆ ಅನ್ನುವುದು ಕಳೆದುಹೋಗುತ್ತದೆ. ಡಿಎಪಿಯದು 18:46. ಸರಳ ರೂಪ 9:23. 50 ಕಿಲೋ ಚೀಲದಲ್ಲಿ ಇರುವುದು ಸರಿಯಾಗಿ 9 ಕಿಲೋ ಸಾರಜನಕ, 23 ಕಿಲೋ ರಂಜಕಾಂಶ. ನೂರರ ಅರ್ಧ ಐವತ್ತು ಆದ್ದರಿಂದ ಹೀಗೆ ಹೊಂದಿಬಂತು ಅಷ್ಟೇ. ಆದರೂ ಎಕರೆಗೆ ಎಷ್ಟು ಚೀಲ ಅಂತ ಲೆಕ್ಕ ಹಾಕುವಾಗ ಈ 9 ಮತ್ತು 23 ನೆನಪಿದ್ದರೆ ಬಹಳ ಉಪಯೋಗ.

ಔಷಧಿ ಸಿಂಪಡಿಸುವಾಗ ಲೀಟರ್ ನೀರಿಗೆ 2 ಮಿಲಿಲೀಟರ್ ಅಂತ ಡಬ್ಬಿಯ ಮೇಲೆ ಇದ್ದರೆ ಅದು 2:1000, ಅಂದರೆ 1:500. ಆದರೆ ಕೆಲಸಕ್ಕೆ ಬರುವುದು ಲೀಟರ್‌ಗೆ 2 ಅನ್ನುವ ರೂಪವೇ. 16 ಲೀಟರ್ ಪಂಪಿಗೆ 32 ಮಿಲಿಲೀಟರ್.

ಕಟ್ಟಡದ ಕಾಂಕ್ರೀಟಿಗೆ 1:1.5:3 ಅಂತ ಹೇಳುತ್ತಾರೆ. ಸಿಮೆಂಟ್, ಉಸುಕು, ಖಡಿ. ಪೂರ್ಣಸಂಖ್ಯೆಯಲ್ಲಿ 2:3:6. ವಾಡಿ, ಸೇಡಂ, ಶಹಾಬಾದ್ ಕಡೆಯ ಸಿಮೆಂಟ್ ನಾಡಿನಲ್ಲಿದ್ದೂ ಈ ಲೆಕ್ಕ ತಪ್ಪಬಾರದು ನೋಡಿ. ಗೌಂಡಿ ಒಂದು ಚೀಲ ಒಡೆದರೆ 1:1.5:3 ಅನುಕೂಲ, ಎರಡು ಚೀಲ ಒಡೆದರೆ 2:3:6 ಅನುಕೂಲ. ಎರಡೂ ಒಂದೇ ಮಿಶ್ರಣ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಗೋಡೆ ಕಟ್ಟುವ 1:6 ಗಾರೆಗೆ "ಸಿಮೆಂಟ್ ಒಂದು ಪುಟ್ಟಿ, ಉಸುಕು ಒಂದು ಪುಟ್ಟಿ ಹೆಚ್ಚಿಗೆ ಹಾಕು, ಎರಡೂ ಸಮ ಹಾಕಿದೆವಲ್ಲ" ಅಂದರೆ ಅದು 2:7 ಆಗುತ್ತದೆ. ಒಂದು ಪುಟ್ಟಿ ಸಿಮೆಂಟ್ ಹೆಚ್ಚಿದರೆ ಉಸುಕು ಆರು ಪುಟ್ಟಿ ಹೆಚ್ಚಬೇಕು. ಎರಡೂ ಕಡೆ ಅಷ್ಟೇ ಕೂಡಿಸಿದರೆ ಅನುಪಾತ ಉಳಿಯುವುದಿಲ್ಲ.

ಎರಡು ಅನುಪಾತ ಹೋಲಿಸುವುದು, ಮೂರನ್ನು ಜೋಡಿಸುವುದು

ಒಂದು ಮಿಲ್ಲಿನಲ್ಲಿ 100 ಕಿಲೋಗೆ 72 ಕಿಲೋ ಬೇಳೆ ಬಂತು, ಇನ್ನೊಂದರಲ್ಲಿ 60 ಕಿಲೋಗೆ 43. ಯಾವುದು ಲಾಭ? ಮೊದಲನೆಯದನ್ನು 25:18 ಮಾಡಿಕೊಳ್ಳಿ. ಎರಡನೆಯದು 60:43, ಇದ್ದಂತೆಯೇ ಸರಳ. ಈಗ ಅಡ್ಡ ಗುಣಿಸಿ. 18 × 60 = 1,080. 43 × 25 = 1,075. ಮೊದಲನೆಯ ಬೇಳೆಯ ಕಡೆಯಿಂದ ಬಂದ ಸಂಖ್ಯೆ ದೊಡ್ಡದು, ಹಾಗಾಗಿ ಮೊದಲ ಮಿಲ್ಲು ಕೂದಲೆಳೆಯಷ್ಟು ಮೇಲು. ಎರಡೂ ಗುಣಲಬ್ಧ ಸಮ ಬಂದಿದ್ದರೆ ಅನುಪಾತಗಳೂ ಸಮ. ಶಾಲೆಯಲ್ಲಿ ಸಮಾನುಪಾತ ಅನ್ನುವುದು ಇದನ್ನೇ. ಅಂತ್ಯಪದಗಳ ಗುಣಲಬ್ಧ ಮಧ್ಯಪದಗಳ ಗುಣಲಬ್ಧಕ್ಕೆ ಸಮ.

ಜೋಡಿಸುವುದೂ ಕಷ್ಟವಿಲ್ಲ. ತೊಗರಿ ಹೊಲಕ್ಕೂ ಜೋಳದ ಹೊಲಕ್ಕೂ 3:2, ಜೋಳಕ್ಕೂ ಕಡಲೆಗೂ 5:4 ಅಂತ ಕೊಟ್ಟಿದ್ದಾರೆ. ಜೋಳ ಎರಡರಲ್ಲೂ ಇದೆ, ಒಂದು ಕಡೆ 2, ಇನ್ನೊಂದು ಕಡೆ 5. ಅವನ್ನು 10ಕ್ಕೆ ತನ್ನಿ. ಮೊದಲನೆಯದು 15:10, ಎರಡನೆಯದು 10:8. ಮೂರೂ ಸೇರಿ 15:10:8. ಒಟ್ಟು 33 ಪಾಲು. 33 ಎಕರೆ ಇದ್ದರೆ ಹಾಗೇ 15, 10, 8 ಎಕರೆ.

ನೀವೇ ಮಾಡಿ ನೋಡಲು

ಪಹಣಿಯಲ್ಲಿ 3.20 ಮತ್ತು 2.10 ಇರುವ ಇಬ್ಬರು 46,000 ರೂಪಾಯಿ ಹಂಚಿಕೊಳ್ಳಬೇಕು. 437:551 ಅನ್ನು ಸರಳ ಮಾಡಬೇಕು. ಬಿದರಿ ಎರಕಕ್ಕೆ 80 ಗ್ರಾಂ ತಾಮ್ರ ಇದೆ, ಸತು ಎಷ್ಟು ಬೇಕು, ಒಟ್ಟು ಎಷ್ಟಾಗುತ್ತದೆ? ತೊಗರಿ ಒಂದು ಸಾಲಿಗೆ ಹೆಸರು ಎರಡು ಸಾಲು ಅಂತ 42 ಸಾಲು ಬಿತ್ತಿದರೆ ಯಾವುದು ಎಷ್ಟು ಸಾಲು? 2:3 ಮತ್ತು 4:5 ಅನ್ನು ಜೋಡಿಸಿದರೆ ಏನು ಬರುತ್ತದೆ?

ಮಾಡಿದ ಮೇಲೆ ತಾಳೆ ನೋಡಿ. ಮೊದಲನೆಯದು 140:90, ಅಂದರೆ 14:9, ಒಟ್ಟು 23 ಪಾಲು, ಒಂದು ಪಾಲಿಗೆ 2,000. ಹಾಗಾಗಿ 28,000 ಮತ್ತು 18,000. ಎರಡನೆಯದರಲ್ಲಿ ವ್ಯತ್ಯಾಸ 114, ಅದರೊಳಗಿನ 19 ಎರಡಕ್ಕೂ ಹೋಗುತ್ತದೆ, 23:29. ಸತು 1,280 ಗ್ರಾಂ, ಒಟ್ಟು 1,360 ಗ್ರಾಂ. ತೊಗರಿ 14 ಸಾಲು, ಹೆಸರು 28 ಸಾಲು. 42ನ್ನು ಎರಡರಿಂದ ಭಾಗಿಸಿ 21 ಅಂತ ಬರೆದಿದ್ದರೆ ನಾಲ್ಕನೇ ಹೆಜ್ಜೆಯನ್ನು ಇನ್ನೊಮ್ಮೆ ಓದಿ. ಕೊನೆಯದರಲ್ಲಿ ನಡುವಿನ ಪದವನ್ನು 12ಕ್ಕೆ ತಂದರೆ 8:12:15.